ಕೇರಿಗೆ ಬಂದ ಬೋರು

ನಾನು ಕೆಮಿಸ್ಟ್. ಔಷಧಿ ಅಂಗಡಿಯವಳಲ್ಲ. ಈ ಮಾತನ್ನು ನಮ್ಮವ್ವನಿಗೇ ಎಷ್ಟು ಸಲ ಹೇಳಿದ್ದೇನೋ. ನಮ್ಮೂರು ಸಂಶಿಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಸಾಕು, ಅವ್ವ ಬಸವಣ್ಣೆವ್ವ, "ನಮ್ಮ ರೇಣುಕಾ ಬರ್ಲಿ ತಡೀರಿ, ಗುಳಗಿ ಕೊಡ್ತಾಳ," ಅನ್ನುತ್ತಿದ್ದಳು. ನಾನು ಗುಳಿಗೆ ಕೊಡುವುದಿಲ್ಲ. ನೀರು ಪರೀಕ್ಷೆ ಮಾಡುತ್ತೇನೆ. ಸರ್ಕಾರಿ ನೌಕರಿ. ಹಳ್ಳಿಗಳ ಕೆರೆ, ಬಾವಿ, ಬೋರುಗಳ ನೀರು ಸೀಸೆಯಲ್ಲಿ ತುಂಬಿ ತರಬೇಕು. ಕುಡಿಯಲು ಯೋಗ್ಯವೋ ಅಲ್ಲವೋ ಹೇಳಬೇಕು. ಇಷ್ಟೇ ಕೆಲಸ.

ಇಷ್ಟೇ ಅಂದೆ, ಅಷ್ಟು ಸರಳವಲ್ಲ. ಬೆಳಿಗ್ಗೆ ಲ್ಯಾಬಿಗೆ ಹೋದ ತಕ್ಷಣ ಸೀಸೆ ತೊಳೆಯಬೇಕು. ಅದು ಅಟೆಂಡರನ ಕೆಲಸ. ಅವನು ನನಗೆ ಬಿಟ್ಟಿದ್ದ. ಯಾಕೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಆಸಿಡ್ಡಿನಲ್ಲಿ ಕೈಯಾಡಿಸಿ ಆಡಿಸಿ ಉಗುರಿನ ಸುತ್ತಲಿನ ಚರ್ಮ ಸುಲಿದಿತ್ತು. ಸಿಲ್ವರ್ ನೈಟ್ರೇಟ್ ಚೆಲ್ಲಿ ಬೆರಳ ತುದಿಗಳೆಲ್ಲ ಕಪ್ಪು. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಊಟಕ್ಕೆ ಕೂತಾಗ ಅವ್ವ ನನ್ನ ಕೈ ನೋಡಿ, "ಮೆಣಸಿನಕಾಯಿ ಹರದು ಬಂದ ನನ್ನ ಕೈಗಿಂತ ಅಗದಿ ಕೆಟ್ಟ ಆಗ್ಯಾವಲ್ಲಬೇ. ಇದಕ್ಕ ಕಾಲೇಜ ಕಲೀಬೇಕಿತ್ತೇನು?" ಅಂದಿದ್ದಳು.

ಈರಬಸಪ್ಪ ಸಾಹೇಬರು ನಮ್ಮ ಹಿರಿಯ ಕೆಮಿಸ್ಟ್. ಒಳ್ಳೆಯ ಮನುಷ್ಯ ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನು ಒಂದು ದಿನವೂ ಬೈದವರಲ್ಲ. ಆದರೆ ನಾನು ನೌಕರಿಗೆ ಸೇರಿದ ವಾರವೇ ಕುಡಿಯುವ ನೀರಿನ ಮಡಕೆ ಅವರ ಕೋಣೆಯೊಳಗೆ ಹೋಯಿತು. ನನ್ನ ಮೇಜಿನ ಹತ್ತಿರದ ಕಿಟಕಿಯಲ್ಲಿ ಒಂದು ಲೋಟ ಬಂತು. ಜಿಲ್ಲೆಯ ನೀರನ್ನೆಲ್ಲ ಮುಟ್ಟಿ, ಅಳೆದು, ಕುದಿಸಿ ನೋಡುವವಳು ಆ ಮಡಕೆಯೊಂದನ್ನು ಮಾತ್ರ ಮುಟ್ಟುವ ಹಾಗಿಲ್ಲ. ಇದಕ್ಕೆ ಸಿಟ್ಟು ಬರಬೇಕು. ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದರೆ ಅರ್ಧ ಮುಖ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ ಇದ್ದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ನವಲಗುಂದದ ಕಡೆ ನೆಲದಡಿಯ ನೀರು ಸವುಳು. ಎಲ್ಲಿ ಅಗೆದರೂ ಉಪ್ಪು. ಮಳೆ ಬಂದಾಗ ಕೆರೆಯಲ್ಲಿ ನಿಂತ ನೀರೇ ವರ್ಷವಿಡೀ ಊರಿಗೆ ಸಿಹಿನೀರು. ಹಾಗಾಗಿ ಆ ಕಡೆ ಕೆರೆ ಅಂದರೆ ಗುಡಿಗಿಂತ ಹೆಚ್ಚು. ಚಪ್ಪಲಿ ಬಿಟ್ಟು ಇಳಿಯುತ್ತಾರೆ. ಕಾವಲುಗಾರನಿರುತ್ತಾನೆ. ದನ ಇಳಿಸುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ಊರ ಹೊರಗಿನ ಕೇರಿಯವರನ್ನೂ, ಅಂದರೆ ನಮ್ಮವರನ್ನೂ, ಇಳಿಸುವುದಿಲ್ಲ.

ನೀರಿನ ಮಾದರಿ ತೆಗೆಯಲು ಒಂದು ಕ್ರಮವಿದೆ. ಕುದಿಹಬೆಯಲ್ಲಿಟ್ಟು ಕಾಗದ ಸುತ್ತಿದ ಸೀಸೆ. ಅದನ್ನು ಕೆಮಿಸ್ಟ್ ತಾನೇ ಬಿಚ್ಚಬೇಕು, ತನ್ನ ಕೈಯಿಂದಲೇ ನೀರೊಳಗೆ ಅದ್ದಬೇಕು. ಬೇರೆಯವರ ಕೈಗೆ ಕೊಡಬಾರದು. ಪುಸ್ತಕದಲ್ಲಿ ಹಾಗೆ ಬರೆದಿದೆ. ಮೊದಲ ಸಲ ಜೀಪು ಹತ್ತುವಾಗ ಈರಬಸಪ್ಪ ಸಾಹೇಬರು ನನ್ನನ್ನು ಕರೆದು, "ನೋಡವಾ ರೇಣುಕಾ, ಊರಾಗ ಸುಮ್ಮಸುಮ್ಮಕ ಗದ್ದಲ ಬ್ಯಾಡ. ನೀ ಜೀಪಿನ್ಯಾಗ ಕುಂದ್ರು. ಬುಡನಸಾಬ ತುಂಬಿಕೊಂಡ ಬರ್ತಾನ," ಅಂದರು.

ಬುಡನಸಾಬ ನಮ್ಮ ಡ್ರೈವರು. ಅವನು ಇಳಿದರೆ ಕೆರೆಗೆ ನಡೆಯುತ್ತಿತ್ತು. ನಾನು ಇಳಿದರೆ ನಡೆಯುತ್ತಿರಲಿಲ್ಲ. ಕ್ರಮವನ್ನು ಅವನಿಗೆ ನಾನೇ ಕಲಿಸಿದೆ. ಅವನು ಇಳಿದು ತುಂಬುವುದು, ನಾನು ಬಿಸಿಲಲ್ಲಿ ಕಾದ ಜೀಪಿನಲ್ಲಿ ಕೂತು ನೋಡುವುದು. ಪ್ರತಿ ಸಲ ಮರಳಿ ಬರುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ. "ತಗೋರಿ ಬಾಯಾರ," ಅಂತ ಮೇಡಮ್ಮಿಗೆ ಕೊಡುವ ಮರ್ಯಾದೆಯಿಂದ ಸೀಸೆ ಕೊಟ್ಟು ಗಾಡಿ ಚಾಲೂ ಮಾಡುತ್ತಿದ್ದ.

ತಿರ್ಲಾಪುರ ದಾಟಿ ಒಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರೊಂದೇ ಹಾಗೆ ಅಂತ ತಿಳಿದುಕೊಂಡು ಉಳಿದವರು ಹಾಯಾಗಿ ಮಲಗುತ್ತೀರಿ. ಅಲ್ಲಿ ಕೆರೆಯ ಮೇಲಿನ ಮೆಟ್ಟಿಲಿನ ಆಚೆ ಒಂದು ಚಪ್ಪಡಿ ಕಲ್ಲಿತ್ತು. ಕೇರಿಯ ಹೆಂಗಸರು ತಮ್ಮ ಕೊಡಗಳನ್ನು ಅದರ ಮೇಲಿಟ್ಟು ದೂರ ನಿಲ್ಲಬೇಕು. ನೀರಿಗೆ ಬಂದ ಊರವರು ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯಬೇಕು. ಕೊಡಕ್ಕೆ ಕೊಡ ತಾಕಬಾರದು. ನೀರು ಅರ್ಧ ಒಳಗೆ, ಅರ್ಧ ಹೊರಗೆ. ನಾನು ಜೀಪಿನಲ್ಲಿ ಕೂತೇ ಅದನ್ನು ನೋಡಿದ್ದೇನೆ. ಫಕೀರವ್ವ ಅಂತ ಒಬ್ಬಳು, ಹತ್ತಿ ಬಿಡಿಸಿ ಬಿಡಿಸಿ ಬೆನ್ನು ಬಾಗಿದವಳು, "ಹಾಕ್ರಿ ನಮ್ಮವ್ವ, ಹೊತ್ತಾತ್ರಿ," ಅಂತ ಕೂಗುತ್ತಿದ್ದಳು. "ಒದರಬ್ಯಾಡಬೇ, ನಿನ್ನ ಆಳ ಅಲ್ಲ ನಾ," ಅಂತ ಒಬ್ಬಳು ಬೈಯುತ್ತಲೇ ಸುರಿದು ಹೋಗುತ್ತಿದ್ದಳು. ಸುರಿದಳಲ್ಲ ಅಂತ ಫಕೀರವ್ವ ಕೈಮುಗಿಯುತ್ತಿದ್ದಳು.

ಹತ್ತಿ ಸುಗ್ಗಿ ಬಂದರೆ ಸುರಿಯುವವರಿಗೂ ಪುರಸೊತ್ತಿಲ್ಲ. ಆಗ ಕೇರಿಗೆ ಎಮ್ಮೆ ಬೀಳುವ ಹೊಂಡವೇ ಗತಿ. ಹಿಂದಿನ ಸುಗ್ಗಿಯಲ್ಲಿ ಆ ಹೊಂಡದ ನೀರು ಕುಡಿದು ಕೇರಿಯಲ್ಲಿ ವಾಂತಿಭೇದಿ ಹತ್ತಿತು. ಫಕೀರವ್ವನ ಸೊಸೆ ಸತ್ತಳು. ಬಾಣಂತಿ. ಆಮೇಲೆ ಅರ್ಜಿ ಹೋಯಿತು, ತಾಲೂಕಿನ ಅಧಿಕಾರಿಗಳು ಬಂದರು, ಕೇರಿಗೊಂದು ಬೋರು ಮಂಜೂರಾಯಿತು.

ಕೊರೆಯುವ ಲಾರಿ ಬಂದ ದಿನ ಕೇರಿಯವರು ಅದಕ್ಕೆ ಕುಂಕುಮ ಹಚ್ಚಿದರಂತೆ. ನೀರು ಚಿಮ್ಮಿದಾಗ ಮುದುಕರು ಸಹಿತ ತೊಯ್ದುಕೊಂಡರಂತೆ. ಹ್ಯಾಂಡ್‌ಪಂಪು ಕೂರಿಸಿದ ಮೇಲೆ ಮಾದರಿ ತರಲು ನಾನು ಹೋದೆ. ಬುಡನಸಾಬ ರೂಢಿಯಂತೆ ಸೀಸೆಗೆ ಕೈ ಚಾಚಿದ. ಆಮೇಲೆ ಅವನೇ ಕೈ ಹಿಂದಕ್ಕೆ ತೆಗೆದುಕೊಂಡ. "ಇಲ್ಲಿ ನೀವ ಇಳೀರಿ ಬಾಯಾರ," ಅಂದ. ಕೇರಿಯ ಬೋರಿಗೆ ನನ್ನ ಕೈ ನಡೆಯುತ್ತಿತ್ತು. ಫಕೀರವ್ವ ಪಂಪು ಹೊಡೆದಳು. ನಾನು ಸೀಸೆ ಹಿಡಿದೆ. ಬೊಗಸೆಯೊಡ್ಡಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಉಪ್ಪು. ಸೀಸೆಗೆ ಬಿರಡೆ ಹಾಕಿ ಜೀಪು ಹತ್ತಿದೆ.

ಲ್ಯಾಬಿನಲ್ಲಿ ಹನಿಹನಿಯಾಗಿ ಸಿಲ್ವರ್ ನೈಟ್ರೇಟ್ ಬಿಟ್ಟೆ. ಕ್ರೋಮೇಟ್ ಹಾಕಿ ಹಳದಿ ಮಾಡಿದ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗುವತನಕ ಬಿಡಬೇಕು. ಬೇಗ ತಿರುಗಿದರೆ ಸಿಹಿನೀರು, ತಡವಾದಷ್ಟೂ ಉಪ್ಪು. ಬ್ಯುರೆಟ್ ಕೊಳವೆ ಖಾಲಿಯಾಯಿತು, ನೀರು ಹಳದಿಯೇ ಇತ್ತು. ಮತ್ತೆ ತುಂಬಿದೆ. ಮಿತಿಗಿಂತ ಎರಡು ಪಟ್ಟು ಉಪ್ಪು. ಬೇಳೆ ಬೇಯುವುದಿಲ್ಲ. ಹಸುಗೂಸಿಗೆ ಕುಡಿಸಿದರೆ ಬಾಧೆ ತಪ್ಪಿದ್ದಲ್ಲ. 'ಕುಡಿಯಲು ಯೋಗ್ಯವಲ್ಲ' ಎಂದು ಬರೆದು ಸಾಹೇಬರ ಮೇಜಿನ ಮೇಲಿಟ್ಟೆ.

ಅವರು ಓದಿ ಕನ್ನಡಕ ತೆಗೆದರು. "ಬರೋ ಸೋಮವಾರ ಉದ್ಘಾಟನಾ ಐತಿ. ಮಡಿವಾಳೆಪ್ಪಗೌಡ್ರು ದೊಡ್ಡ ದೊಡ್ಡವರನ್ನ ಕರದಾರ. ಈಗ ಇಂಥಾದ್ದ ಬರದ್ರ ಹೆಂಗ?"

"ಉಪ್ಪು ಐತ್ರಿ ಸರ್. ಬಾಯಾಗ ಹಾಕ್ಕೊಂಡ್ರ ತಿಳೀತದ."

"ಆ ಕಡೆ ಜನಕ್ಕ ರೂಢಿ ಐತಿ ತಗೋ. ಹೊಂಡದ ನೀರ ಕುಡದ ಸಾಯೂದಕ್ಕಿಂತ ಇದು ಪಾಡ ಅಲ್ಲೇನು?"

"ಕೆರಿ ನೀರ ಪಾಡ ಐತ್ರಿ. ನಾನ ಪರೀಕ್ಷಾ ಮಾಡೀನಿ. ಬ್ಲೀಚಿಂಗ್ ಪೌಡರ್ ಹಾಕಿದ್ರ ಅಗದಿ ಚಲೋ."

ಅವರು ನನ್ನನ್ನು ಮರುಕದಿಂದ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ವರದಿಯನ್ನು ಡ್ರಾಯರಿಗೆ ಸರಿಸಿ, 'ಯೋಗ್ಯ' ಎಂದು ತಾವೇ ಬೇರೆ ಬರೆದು ರುಜು ಹಾಕಿದರು. ನನ್ನೆದುರಿಗೇ. ಮುಚ್ಚಿಡುವ ಗೊಡವೆಯೂ ಬೇಕಾಗಲಿಲ್ಲ ಅವರಿಗೆ. ಆಮೇಲೆ, "ಸೋಮವಾರ ನೀನೂ ಬಾ. ನಿಮ್ಮ ಮಂದಿ ನಿನ್ನ ಮಾತ ನಂಬ್ತಾರ," ಅಂದರು.

ಹೋದೆ. ಯಾಕೆ ಹೋದೆ ಅಂದರೆ ಹೋಗು ಅಂದಿದ್ದರು. ಅಷ್ಟೇ.

ಕೇರಿಯ ಬಾಯಿಗೆ ಪೆಂಡಾಲು. ಮೈಕು. ಪಂಪಿಗೆ ಹೂವಿನ ಸರ. ಮಡಿವಾಳೆಪ್ಪ ಬಿಳಿ ಧೋತರ ಉಟ್ಟು ಮೊದಲ ಕುರ್ಚಿಯಲ್ಲಿದ್ದ. ಊರಿನ ಜಮೀನು ಹೆಚ್ಚುಕಡಿಮೆ ಅವನ ಮನೆತನದ್ದೇ. ಕೇರಿಗೆ ಅವನು ಕಾಲಿಟ್ಟಿದ್ದು ಅಂದೇ ಮೊದಲಂತೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗೆ. ನನಗೂ ಒಂದು ಕುರ್ಚಿ ಹಾಕಿದ್ದರು. ಹಾರ ಹಾಕಿದರು. ಹಾರ ಹಾಕಿದವನು ನನ್ನ ಕತ್ತು ತಾಕದ ಹಾಗೆ ದೂರದಿಂದಲೇ ಎಸೆದ. ಸರಿಯಾಗಿ ಬಂದು ಬಿತ್ತು. ಅವನಿಗೂ ರೂಢಿಯಾಗಿರಬೇಕು.

ಮಡಿವಾಳೆಪ್ಪ ಮೈಕಿನ ಮುಂದೆ ನಿಂತ. "ಇಷ್ಟ ದಿವಸ ನೀವು ನೀರಿಗೆ ಬಾಳ ತ್ರಾಸ ಪಟ್ರಿ. ನಮ್ಮ ಹೆಣ್ಣಮಕ್ಕಳಿಗೂ ಸುರುವಿ ಸುರುವಿ ಸಾಕಾಗಿತ್ತು. ಇವತ್ತಿನಿಂದ ನಿಮ್ಮ ನೀರ ನಿಮಗ, ನಮ್ಮ ನೀರ ನಮಗ. ಇನ್ನ ಮ್ಯಾಲೆ ಯಾರೂ ಕೆರಿ ಕಡೆ ಕೊಡ ತಗೊಂಡ ಬರೂದ ಬ್ಯಾಡ. ಆ ಕಲ್ಲ ನಾಳೆನ ತಗಸ್ತೀವಿ."

ಕೆಲವರು ಚಪ್ಪಾಳೆ ತಟ್ಟಿದರು. ನನಗೆ ಆಗ ತಿಳಿಯಿತು. ಈ ಬೋರು ಕೇರಿಗೆ ನೀರು ಕೊಡಲು ಕೊರೆದದ್ದಲ್ಲ. ಕೆರೆಯಿಂದ ಕೇರಿಯನ್ನು ದೂರ ಇಡಲು ಕೊರೆದದ್ದು. ಬೈಗುಳದ ಜೊತೆಗೆ ಬರುತ್ತಿದ್ದ ಅರ್ಧ ಕೊಡ ಸಿಹಿನೀರೂ ಇನ್ನು ಇಲ್ಲ.

"ಈಗ ನಿಮ್ಮ ಪೈಕಿ ಮಗಳ, ಸರ್ಕಾರದ ಕೆಮಿಸ್ಟು, ಮೊದಲನೇ ಗ್ಲಾಸ ಕುಡದ ತೋರಸ್ತಾಳ. ನೀರ ಹೆಂಗೈತಿ ಆಕೀನ ಹೇಳ್ತಾಳ," ಅಂದ ಮಡಿವಾಳೆಪ್ಪ. ಗಾಜಿನ ಲೋಟ ನನ್ನ ಕೈಗೆ ಬಂತು. ಈರಬಸಪ್ಪ ಸಾಹೇಬರು ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಮಗುವಿಗೆ ಔಷಧಿ ಕುಡಿ ಅಂತ ಅನ್ನುತ್ತಾರಲ್ಲ, ಹಾಗೆ.

ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ನುಂಗಲಿಲ್ಲ. ಎಲ್ಲರೆದುರಿಗೆ ಪಕ್ಕಕ್ಕೆ ಉಗುಳಿದೆ.

"ಸವುಳು ಐತಿ," ಅಂದೆ. ಮೈಕು ನನ್ನ ಬಾಯಿಂದ ದೂರ ಇತ್ತು. ಆದರೂ ಕೇಳಿತು. "ಕುಡಿಯಾಕ ಬರೂದಿಲ್ಲ. ನಾನ ಪರೀಕ್ಷಾ ಮಾಡಿ ಬರದ ಕೊಟ್ಟೀನಿ. ಕುಡಿಯೂ ನೀರ ಈ ಊರಾಗ ಒಂದ ಐತಿ, ಅದು ಕೆರಿ ನೀರು."

ನನ್ನ ಧ್ವನಿ ನಡುಗಲಿಲ್ಲ. ಧೈರ್ಯ ಅಂತಲ್ಲ. ಲ್ಯಾಬಿನಲ್ಲಿ ಹೇಳುವ ಮಾತನ್ನೇ ಹೇಳಿದ್ದೆ. ಸಾಹೇಬರು ಎದ್ದು, "ಆಕೀಗೆ ಆರಾಮಿಲ್ರಿ, ಬಿಸಲಿಗೆ ಹಿಂಗಾಗೇತಿ," ಅಂತ ಏನೇನೋ ಅಂದರು. ಮಡಿವಾಳೆಪ್ಪನ ನಗೆ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಗಿತ್ತು.

ಕೇರಿಯವರು ನನ್ನ ಪರವಾಗಿ ಏಳುತ್ತಾರೆ ಅಂತ ನೀವು ತಿಳಿದಿದ್ದರೆ, ಇಲ್ಲ. ಯಾರೂ ಏಳಲಿಲ್ಲ. ಕಡೆಗೆ ಫಕೀರವ್ವ ಬಂದಳು. ನನ್ನ ಹತ್ತಿರವೇ ಬಂದು ನಿಂತಳು.

"ಸವುಳು ಅಂತ ನಮಗ ಗೊತ್ತಿಲ್ಲೇನಬೇ? ನಮ್ಮ ನಾಲಿಗಿ ನಾಲಿಗಿ ಅಲ್ಲೇನು? ಸವುಳ ಇದ್ರೂ ಯಾರೂ ಬೈಯಲಾರದ ಬರೂ ನೀರದು. ಕೈ ಮುಗೀಲಾರದ ಬರೂ ನೀರು. ಅದನ್ನೂ ಉಗುಳಿ ಬಿಟ್ಟಿ. ನಾಳೆ ಇವರು ಈ ಪಂಪಿನ ಹಿಡಿಕಿ ಕಿತ್ತುಕೊಂಡ ಹೋದ್ರ ನೀ ಬಂದ ಸುರೂತೀಯೇನು?"

ನನಗೆ ಉಪ್ಪು ಅಳೆಯುವುದು ಗೊತ್ತಿತ್ತು. ಇದನ್ನು ಅಳೆಯುವುದು ಗೊತ್ತಿರಲಿಲ್ಲ.

"ಕೆರಿ ನೀರು ಚಲೋ, ಕೆರಿ ನೀರು ಚಲೋ ಅಂತಿ," ಅವಳು ಬಿಡಲಿಲ್ಲ. "ನಮ್ಮಕಿ ಅದಿ. ಸರ್ಕಾರದಾಕಿ ಅದಿ. ನೀ ಇಳದಿಯೇನು ಆ ಕೆರಿಗೆ? ಜೀಪಿನ್ಯಾಗ ಕುಂತಿರ್ತಿ, ಆ ಸಾಬ ಇಳೀತಾನ. ನಾ ನೋಡಿಲ್ಲೇನು?"

ಹಾರ ತೆಗೆದು ಕುರ್ಚಿಯ ಮೇಲಿಟ್ಟೆ. ಜೀಪಿನ ಹತ್ತಿರ ಹೋಗಿ ಬುಡನಸಾಬನಿಗೆ, "ಸೀಸೆ ಕೊಡ್ರಿ," ಅಂದೆ. ಅವನು ಕಾಗದ ಸುತ್ತಿದ ಸೀಸೆಯನ್ನು ಎರಡೂ ಕೈಯಿಂದ ಕೊಟ್ಟ. "ನಾನೂ ಬರ್ಲೇನ್ರಿ?" ಅಂದ. ಬೇಡ ಅಂದೆ. ಕೆರೆಯ ಕಡೆ ನಡೆದೆ.

ಹಿಂದೆ ಜನ ಎದ್ದ ಸದ್ದು. ಕುರ್ಚಿ ಬಿದ್ದ ಸದ್ದು. "ಏ ರೇಣುಕಾ, ಹುಚ್ಚಿ ಆಗಬ್ಯಾಡ, ನೌಕರಿ ಹೋಗತೈತಿ," ಅಂತ ಸಾಹೇಬರು ಓಡುತ್ತ ಕೂಗಿದರು. ನೌಕರಿ ಅಂದಾಗ ಅವ್ವ ನೆನಪಾದಳು. ಆದರೂ ಕಾಲು ನಿಲ್ಲಲಿಲ್ಲ. ಕಾವಲುಗಾರ ಕೋಲು ಎತ್ತಿದ. ಹೊಡೆದರೆ ನನಗೆ ಕೋಲು ತಾಕುತ್ತದೆ, ಕೋಲಿಗೆ ನಾನು ತಾಕುತ್ತೇನೆ. ಅವನಿಗೆ ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತ. ಚಪ್ಪಡಿ ಕಲ್ಲು ದಾಟಿದೆ. ಮೆಟ್ಟಿಲಿಳಿದೆ. ನೀರು ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ತಣ್ಣಗಿತ್ತು. ಬೇರೇನೂ ಆಗಲಿಲ್ಲ. ಇಷ್ಟೇನಾ ಅನಿಸಿತು.

ಕಾಗದ ಬಿಚ್ಚಿದೆ. ಬಿರಡೆ ತೆಗೆದೆ. ಮೊಣಕೈ ಮುಳುಗುವಷ್ಟು ಆಳಕ್ಕೆ ಸೀಸೆ ಅದ್ದಿದೆ. ಗುಳುಗುಳು ಗಾಳಿ ಹೊರಗೆ ಬಂತು. ತುಂಬಿತು.

ತಿರುಗಿ ನೋಡಿದರೆ ಫಕೀರವ್ವ ಮಣ್ಣಿನ ಕೊಡ ಹಿಡಿದು ಇಳಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ನನ್ನ ಬದಿಗೆ ಬಂದು ಕೊಡ ಅದ್ದಿ, ಸೊಂಟಕ್ಕೆ ಏರಿಸಿದಳು. ಬಾಯಿತನಕ ತುಂಬಿದ ಕೊಡ. ಅಷ್ಟರಲ್ಲಿ ದಂಡೆಯಿಂದ ಕಲ್ಲು ಬಂತು. ಯಾರು ಎಸೆದರೋ. ಕೊಡ ಒಡೆಯಿತು. ನೀರು ಅವಳ ಸೀರೆಯ ಮೇಲಿಂದ ಕೆರೆಗೇ ವಾಪಸ್ಸು ಬಿತ್ತು. ಕೈಯಲ್ಲಿ ಕೊಡದ ಕಂಠ ಉಳಿದಿತ್ತು.

ಅವಳು ಅದನ್ನು ನೋಡಿದಳು. ಆಚೆ ಎಸೆದಳು. ಬಗ್ಗಿದಳು. ಮೊದಲೇ ಬಾಗಿದ ಬೆನ್ನು, ಹೆಚ್ಚು ಬಗ್ಗಬೇಕಾಗಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ಮತ್ತೊಂದು ಬೊಗಸೆ. ಮತ್ತೊಂದು. ಊರೆಲ್ಲ ದಂಡೆಯ ಮೇಲೆ ನಿಂತು ನೋಡುತ್ತಿತ್ತು. ಅವಳು ಹೊಟ್ಟೆ ತುಂಬ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕೆರಿ ಕೆಡಿಸಿದ್ರಲ್ಲೋ! ಊರ ಕೆರಿ ಕೆಡಿಸಿದ್ರು!" ಮಡಿವಾಳೆಪ್ಪ ಕೂಗುತ್ತಿದ್ದ.

ಫಕೀರವ್ವ ನನ್ನ ಕೈಯ ಸೀಸೆಯನ್ನು ತೋರಿಸಿದಳು. "ಕೆಟ್ಟೈತೇನ ನೋಡಬೇ. ನೋಡಿ ಹೇಳು."

ಬುಡನಸಾಬ ಜೀಪನ್ನು ಕೆರೆಯ ದಂಡೆಗೇ ತಂದಿದ್ದ. ಅವತ್ತು ಜೀವ ಸಮೇತ ಬಂದದ್ದು ಅವನ ದೆಸೆಯಿಂದ. ಸಾಹೇಬರು ಗೌಡನ ಕಾರಿನಲ್ಲಿ ಬಂದರು.

ಅಮಾನತಿನ ಆದೇಶ ಬರಲು ತಡವಾಯಿತು. ನಮ್ಮ ಇಲಾಖೆಯಲ್ಲಿ ಅನ್ಯಾಯವೂ ಟೈಪಾಗಿ ಬರಬೇಕಲ್ಲ. ಅದು ಬರುವ ಮೊದಲು ಆ ಸೀಸೆಯ ನೀರನ್ನು ಪೂರಾ ಪರೀಕ್ಷೆ ಮಾಡಿದೆ. ಕೆರೆ ಮೊದಲು ಹೇಗಿತ್ತೋ ಹಾಗೇ ಇತ್ತು. ಆದೇಶದಲ್ಲಿ ನನ್ನ ಮೇಲಿನ ಆರೋಪ ಹೀಗಿತ್ತು: ಸಾರ್ವಜನಿಕ ಕುಡಿಯುವ ನೀರನ್ನು ಮಲಿನಗೊಳಿಸಿದ್ದು. ಕೆಮಿಸ್ಟಿನ ಮೇಲೆ. ನಗು ಬರಬೇಕಿತ್ತು. ಅದೂ ಬರಲಿಲ್ಲ. ಅವ್ವನಿಗೆ ಹೇಳಿದಾಗ ಅವಳು ಅಳಲಿಲ್ಲ, "ಮೆಣಸಿನಕಾಯಿ ಹರಿಯಾಕ ಬರ್ತೀಯೇನು?" ಅಂದಳು. ಹೋದೆ.

ಹೇಳಿ ಬರಬೇಕಾದ ಒಂದು ಮಾತು ಉಳಿದಿತ್ತು. ಬಸ್ಸು ಹತ್ತಿ ಆ ಊರಿಗೆ ಹೋದೆ. ಪಂಪಿನ ಹಿಡಿಕೆ ಇರಲಿಲ್ಲ. ಫಕೀರವ್ವ ಹೇಳಿದ ಹಾಗೇ ಆಗಿತ್ತು. ಕೇರಿಯ ಹೆಂಗಸರೆಲ್ಲ ಹಗಲು ಹೊತ್ತಿನಲ್ಲೇ ಮನೆಯಲ್ಲಿದ್ದರು. ಹತ್ತಿ ಬಿಡಿಸುವ ಕಾಲ, ಯಾರನ್ನೂ ಕೂಲಿಗೆ ಕರೆದಿರಲಿಲ್ಲ. ಆದರೆ ಮನೆಮನೆಯಲ್ಲೂ ಕೊಡ ತುಂಬಿತ್ತು. ಕೆರೆ ಕೆಟ್ಟಿದೆ ಅಂತ ಊರವರು ಅತ್ತ ಬರುತ್ತಿರಲಿಲ್ಲವಂತೆ, ಬೇರೆ ಊರಿನಿಂದ ಬಂಡಿಯಲ್ಲಿ ನೀರು ತರುತ್ತಿದ್ದರಂತೆ. ಕೇರಿಯವರು ಇಳಿದು ತುಂಬಿಕೊಳ್ಳುತ್ತಿದ್ದರು.

"ಕೆಟ್ಟಿಲ್ಲ," ಅಂದೆ ಫಕೀರವ್ವನಿಗೆ. "ನೋಡೀನಿ. ಅಗದಿ ಮೊದಲಿನ ಹಂಗ ಐತಿ."

ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದಲ್ಲಿ ಹಿಡಿಯಷ್ಟೇ ಜೋಳ. "ನನಗ್ಯಾಕ ಹೇಳ್ತಿ? ನಾ ಕುಡದೇನಿ, ನನಗ ಗೊತ್ತೈತಿ. ಹೋಗಿ ಅವರಿಗೆ ಹೇಳು."

ಮಡಿವಾಳೆಪ್ಪನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ. ಬದಿಗೆ ತುಂಬಿದ ತಾಮ್ರದ ತಂಬಿಗೆ. ಅಂಗಳದಲ್ಲಿ ಬಂಡಿಯ ನೊಗ ನೆಲಕ್ಕೆ ಬಿದ್ದಿತ್ತು. ಬಂಡಿಯ ಮೇಲೆ ನೀರಿನ ಪೀಪಾಯಿ, ಬಿಸಿಲಿಗೆ ಒಣಗಿ ಹಲಗೆಗಳ ನಡುವೆ ಬಿರುಕು ಬಿಟ್ಟಿತ್ತು. ಬಹಳ ದಿನದಿಂದ ಅದರಲ್ಲಿ ನೀರು ತಂದಿಲ್ಲ ಅಂತ ಯಾರಿಗಾದರೂ ತಿಳಿಯುತ್ತಿತ್ತು. ಮತ್ತೆ ಈ ತಂಬಿಗೆಯ ನೀರು ಎಲ್ಲಿಯದು?

"ಗೌಡ್ರ, ಇದು ಯಾವ ನೀರ್ರಿ?" ಅಂದೆ.

ಅವನು ತಂಬಿಗೆ ನೋಡಿದ. ಒಳಗಿನ ಬಾಗಿಲು ನೋಡಿದ. ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ರೇವವ್ವ ಸರಕ್ಕನೆ ಒಳಗೆ ಹೋದಳು. ಕತ್ತಲಿದ್ದಾಗಲೇ ಎದ್ದು ಕೆರೆಗೆ ಹೋಗಿ ಬರುತ್ತಿದ್ದವಳು ಅವಳೇ ಇರಬೇಕು. ಕೆರೆ ಕೆಟ್ಟಿಲ್ಲ ಅಂತ ಅವನಿಗೂ ಗೊತ್ತಿತ್ತು. ಊರಿಗೂ ಗೊತ್ತಿತ್ತು; ದಾರಿಯಲ್ಲಿ ಒಂದು ನೀರಿನ ಬಂಡಿಯೂ ನನಗೆ ಎದುರಾಗಿರಲಿಲ್ಲ. ಎಲ್ಲರೂ ಕುಡಿಯುತ್ತಿದ್ದರು. ಕುಡಿದುಕೊಂಡೇ ಕೇರಿಯ ಕೂಲಿ ಬಂದ್ ಮಾಡಿದ್ದರು.

ಆಗ ಸಿಟ್ಟು ಬಂತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ.

ಕಟ್ಟೆ ಹತ್ತಿದೆ. ಅವನೆದುರಿಗೆ ಕೂತೆ.

"ಏಳಬೇ ಮ್ಯಾಲೆ," ಅಂದ ಮಡಿವಾಳೆಪ್ಪ. ಧ್ವನಿ ಹೊರಟಿದ್ದೇ ಅರ್ಧ.

"ಏಳೂದಿಲ್ಲ," ಅಂದೆ. "ನಾವು ಇಳದ ಕೆರಿ ನೀರ ಕುಡೀತೀರಿ, ಕೇರಿಯವರನ್ನ ಕೂಲಿಗೂ ಕರೀರಿ. ಪಂಪಿನ ಹಿಡಿಕಿ ತರಿಸ್ರಿ. ಆಮ್ಯಾಲೆ ಏಳ್ತೀನಿ."